ಬೆಳೆ ತಿಂದ ಹಂದಿ ಒಲೆ ಏರಬಹುದೇ?

ಭತ್ತ ಹಾಲು ತುಂಬುವ ಕಾಲ ಬಂತೆಂದರೆ ಕಾಡಂಚಿನ ರೈತನಿಗೆ ನಿದ್ರೆಯಿಲ್ಲ. ಗದ್ದೆಯ ಬದಿಯ ಅಟ್ಟಣೆಯಲ್ಲಿ ಕುಳಿತು, ಡಬ್ಬ ಬಡಿದು, ಕೂಗು ಹಾಕಿ ರಾತ್ರಿ ಕಳೆಯಬೇಕು. ಬೆಳಗಿನ ಜಾವ ಒಂದು ಗಳಿಗೆ ಕಣ್ಣು ಮುಚ್ಚಿದರೆ ಸಾಕು, ಹಂದಿಯ ಹಿಂಡು ನುಗ್ಗಿ ತಿಂದದ್ದಕ್ಕಿಂತ ಹೆಚ್ಚನ್ನು ತುಳಿದು ಹೋಗಿರುತ್ತದೆ. ಮುಸುಕಿನ ಜೋಳ, ಶೇಂಗಾ, ಗೆಣಸು, ಕಬ್ಬು ಯಾವುದನ್ನೂ ಅದು ಬಿಡುವುದಿಲ್ಲ.

ಇಂಥ ಬೆಳಗಿನಲ್ಲಿ ಹಳ್ಳಿಯ ವಾಚನಾಲಯದ ಜಗುಲಿಯ ಮೇಲೆ ಒಂದು ಪ್ರಶ್ನೆ ಏಳುವುದು ಸಹಜ: "ನಾವು ಬೆಳೆದದ್ದನ್ನೇ ತಿಂದು ಕೊಬ್ಬಿದ ಹಂದಿ ಸ್ವಾಮಿ. ಅದನ್ನು ನಾವು ತಿಂದರೆ ತಪ್ಪೇನು?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ನೆರೆಯ ಕೇರಳದಲ್ಲಿ ಇದು ವಿಧಾನಸಭೆಯವರೆಗೆ ಹೋಗಿದೆ. ಕೇಂದ್ರ ಸರ್ಕಾರ ಕಾಡುಪ್ರಾಣಿಗಳಿಂದಾಗುವ ಬೆಳೆಹಾನಿಯನ್ನು ವಿಮೆಯ ವ್ಯಾಪ್ತಿಗೆ ತರುವುದಾಗಿ ಪ್ರಕಟಿಸಿದೆ. ಆದ್ದರಿಂದ ಕಾನೂನು ಏನು ಹೇಳುತ್ತದೆ, ಅಡುಗೆಮನೆಯಲ್ಲಿ ಯಾವ ಅಪಾಯ ಕಾದಿದೆ, ರೈತನ ನ್ಯಾಯವಾದ ದೂರಿಗೆ ದಾರಿ ಎಲ್ಲಿದೆ ಎಂಬ ಮೂರು ವಿಷಯಗಳನ್ನು ಒಟ್ಟಿಗೆ ಇಟ್ಟು ನೋಡುವುದು ಲೇಸು.

ಅಂದಿನ ಪರವಾನಗಿ, ಇಂದಿನ ನಿಷೇಧ

ಹಿರಿಯರು ಅನೇಕರು "ನಮ್ಮ ಕಾಲದಲ್ಲಿ ಪರವಾನಗಿ ಪಡೆದು ಬೇಟೆಯಾಡುತ್ತಿದ್ದೆವು" ಎಂದು ಹೇಳುವುದುಂಟು. ಅದು ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಬೇಟೆಯನ್ನು ಪೂರ್ತಿಯಾಗಿ ನಿಲ್ಲಿಸಿರಲಿಲ್ಲ. ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಕೊಡುವ ಪದ್ಧತಿ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಅಂದಿನಿಂದ ಪಟ್ಟಿಯಲ್ಲಿರುವ ಯಾವುದೇ ಕಾಡುಪ್ರಾಣಿಯ ಬೇಟೆಗೂ ಸಾಮಾನ್ಯ ಪರವಾನಗಿ ಇಲ್ಲ.

2022ರಲ್ಲಿ ಕಾಯ್ದೆಗೆ ಮತ್ತೆ ದೊಡ್ಡ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹಿಂದೆ ಹಲವು ಅನುಸೂಚಿಗಳಲ್ಲಿ ಹಂಚಿಹೋಗಿದ್ದ ಪ್ರಾಣಿಗಳನ್ನು ಎರಡು ಅನುಸೂಚಿಗಳಿಗೆ ತರಲಾಯಿತು. ಮೊದಲನೆಯದು ಹೆಚ್ಚಿನ ರಕ್ಷಣೆಯದು. ಕಾಟಿ, ನವಿಲು, ಉಡ, ಚಿಪ್ಪುಹಂದಿ ಇದರಲ್ಲಿವೆ. ಕಾಡುಹಂದಿ ಇರುವುದು ಎರಡನೆಯದರಲ್ಲಿ.

ಕೊಡಗಿನ ಓದುಗರು ಒಂದು ವಿಷಯ ಗಮನಿಸಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಇದು ಆಯುಧ ಕಾಯ್ದೆಯ ವಿನಾಯಿತಿ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಅದರಿಂದ ಕಾಡುಪ್ರಾಣಿ ಹೊಡೆಯುವ ಹಕ್ಕು ಬೇರೆ. ಮೊದಲನೆಯದು ಇದೆ, ಎರಡನೆಯದು ಇಲ್ಲ.

ಪಾತ್ರೆಯಲ್ಲಿದ್ದರೂ ಅಪರಾಧವೇ

ಹೊಡೆದವನಿಗೆ ಮಾತ್ರ ಶಿಕ್ಷೆ, ತಿಂದವನಿಗೆ ಏನೂ ಇಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಇದು ತಪ್ಪು ತಿಳಿವಳಿಕೆ. ಕಾಯ್ದೆಯಲ್ಲಿ 'ಮಾಂಸ' ಎಂಬ ಪದಕ್ಕೆ ಕೊಟ್ಟಿರುವ ಅರ್ಥ ಬಹಳ ವಿಶಾಲವಾದುದು. ರಕ್ತ, ಮೂಳೆ, ಕೊಬ್ಬು, ಮೊಟ್ಟೆ ಎಲ್ಲವೂ ಅದರಲ್ಲಿ ಸೇರುತ್ತವೆ. ಹಸಿಯದಾಗಲಿ, ಬೇಯಿಸಿದ್ದಾಗಲಿ ಎಂಬ ಮಾತೂ ಅಲ್ಲಿದೆ. ಎಂದರೆ ಒಲೆಯ ಮೇಲೆ ಕುದಿಯುತ್ತಿರುವ ಸಾರು, ಹೊಗೆ ಅಟ್ಟದ ಮೇಲೆ ಒಣಗುತ್ತಿರುವ ತುಂಡು, ನೆಂಟರ ಮನೆಯಿಂದ ಬಂದ ಡಬ್ಬಿ, ಮೂರೂ ಒಂದೇ.

ಇನ್ನೊಂದು ವಿಷಯ. ಇಂಥ ಮಾಂಸ ಯಾರ ವಶದಲ್ಲಿ ಸಿಕ್ಕಿತೋ ಅವರು ಅದನ್ನು ಅಕ್ರಮವಾಗಿ ಇಟ್ಟುಕೊಂಡಿದ್ದಾರೆಂದೇ 57ನೆಯ ಕಲಮಿನ ಪ್ರಕಾರ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸಿಕೊಡುವ ಹೊಣೆ ಆಪಾದಿತನದು. "ಯಾರೋ ಕೊಟ್ಟರು, ಗೊತ್ತಿರಲಿಲ್ಲ" ಎಂಬ ಮಾತು ಅಲ್ಲಿ ಸುಲಭಕ್ಕೆ ನಡೆಯುವುದಿಲ್ಲ.

ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಹಂದಿಯ ಕಥೆಯೂ ಹೀಗೆಯೇ. ಸತ್ತು ಬಿದ್ದದ್ದಾಗಲಿ, ತಿಳಿಯದೆ ಕೊಂದದ್ದಾಗಲಿ ಸರ್ಕಾರದ ಸ್ವತ್ತು. ಅಂಥದ್ದು ಕೈಗೆ ಬಂದವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕಾರ ಪಡೆದ ಅರಣ್ಯಾಧಿಕಾರಿಗೆ ತಿಳಿಸಬೇಕು. ಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ. ಆದರೆ ಆಗಲೂ ಆ ಪ್ರಾಣಿ ಸರ್ಕಾರಕ್ಕೇ ಸೇರುತ್ತದೆ.

ಎರಡನೆಯ ಅನುಸೂಚಿಯ ಪ್ರಾಣಿಯ ಬೇಟೆಗೆ 3 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ, ಅಥವಾ ಬೇಟೆ ನಡೆದದ್ದು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಾದರೆ 3ರಿಂದ 7 ವರ್ಷ ಸೆರೆವಾಸ, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಳಸಿದ ಕೋವಿ ಮತ್ತು ವಾಹನವೂ ಹೋಗುತ್ತವೆ. ಒಂದು ರಾತ್ರಿಯ ಊಟಕ್ಕೆ ಇದು ಭಾರಿ ಬೆಲೆ.

ಕೊಲ್ಲಲು ಅಪ್ಪಣೆ, ತಿನ್ನಲು ಇಲ್ಲ

ಹಾಗಾದರೆ ಬೆಳೆ ಹಾಳುಮಾಡುವ ಹಂದಿಯನ್ನು ನೋಡುತ್ತ ಕೂರಬೇಕೆ? ಕಾಯ್ದೆ ಹಾಗೆ ಹೇಳುವುದಿಲ್ಲ. ಎರಡನೆಯ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು, ಕಾರಣಗಳನ್ನು ಬರೆದು, ನಿರ್ದಿಷ್ಟ ಪ್ರದೇಶದಲ್ಲಿ ಅದನ್ನು ಕೊಲ್ಲಲು ಲಿಖಿತ ಅಪ್ಪಣೆ ಕೊಡಬಹುದು. ಆಸ್ತಿ ಎಂದರೆ ನಿಂತ ಬೆಳೆಯೂ ಸೇರುತ್ತದೆ ಎಂದು 11ನೆಯ ಕಲಮಿನಲ್ಲೇ ಬರೆದಿದೆ. ರೈತರಲ್ಲಿ ಬಹುಮಂದಿಗೆ ಈ ಮಾತು ತಿಳಿದಿಲ್ಲ.

ಕೇರಳ ಈ ದಾರಿಯಲ್ಲಿ ದೂರ ನಡೆದಿದೆ. 2022ರಲ್ಲಿ ಅಲ್ಲಿಯ ಸರ್ಕಾರ ಈ ಅಧಿಕಾರವನ್ನು ಪಂಚಾಯತಿ, ಪುರಸಭೆಗಳ ಮುಖ್ಯಸ್ಥರವರೆಗೆ ಇಳಿಸಿತು. ಊರಿನ ಪಂಚಾಯತಿಯ ಅಧ್ಯಕ್ಷರೇ ಪರವಾನಗಿ ಕೋವಿಯವರಿಗೆ ಅಪ್ಪಣೆ ಕೊಡಬಹುದಾಯಿತು. ಆದರೆ ವಿಷ, ಸಿಡಿಮದ್ದು, ವಿದ್ಯುತ್ತು ಬಳಸುವಂತಿಲ್ಲ. ಕೊಂದ ಹಂದಿಯನ್ನು ಸರಿಯಾದ ರೀತಿಯಲ್ಲಿ ಹೂಳಬೇಕು, ತಿನ್ನುವಂತಿಲ್ಲ.

ಜಗಳ ಹುಟ್ಟಿದ್ದು ಇಲ್ಲಿಯೇ. ತಿನ್ನಲು ಬಿಟ್ಟರೆ ಹಂದಿಯ ಕಾಟ ತಾನಾಗಿ ಇಳಿಯುತ್ತದೆ ಎಂಬ ಕೂಗು ಅಲ್ಲಿ ಎದ್ದಿತು. ಕಾಡುಹಂದಿಯನ್ನು ಹಾನಿಕಾರಕ ಪ್ರಾಣಿ ಎಂದು ಘೋಷಿಸಿ ಎಂದು ಕೇರಳ ಕೇಂದ್ರವನ್ನು ಪದೇ ಪದೇ ಕೇಳಿತು. ಕೇಂದ್ರ ಒಪ್ಪಲಿಲ್ಲ. 2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ತನ್ನದೇ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ವನ್ಯಜೀವಿ ರಕ್ಷಣೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ, ಕೇಂದ್ರ ಕಾಯ್ದೆಗೆ ಹೊಂದದ ರಾಜ್ಯ ತಿದ್ದುಪಡಿ ನಿಲ್ಲಬೇಕಾದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು.

'ಹಾನಿಕಾರಕ' ಎಂಬ ಒಂದು ಪದಕ್ಕೆ ಇಷ್ಟು ಹೋರಾಟವೇಕೆ ಎಂದು ಕೇಳಬಹುದು. ಕಾರಣ ಸರಳ. ಹಾಗೆ ಘೋಷಿಸಿದ ಪ್ರಾಣಿಗೆ, ಘೋಷಣೆಯ ಪ್ರದೇಶ ಮತ್ತು ಅವಧಿಯ ಮಟ್ಟಿಗೆ, ಕಾಯ್ದೆಯ ರಕ್ಷಣೆ ಇರುವುದಿಲ್ಲ. ಕೊಲ್ಲಲು ಅಪ್ಪಣೆ ಬೇಡ. ಅದರ ಮಾಂಸ ಕಾಯ್ದೆಯ 'ಮಾಂಸ'ವೂ ಅಲ್ಲ, ಸರ್ಕಾರದ ಸ್ವತ್ತೂ ಅಲ್ಲ. ಈ ಅಧಿಕಾರ ಕೇಂದ್ರದ ಕೈಯಲ್ಲಿದೆ. 2015ರ ಡಿಸೆಂಬರಿನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿಯನ್ನು, 2016ರ ಫೆಬ್ರವರಿಯಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕಾಡುಹಂದಿಯನ್ನು ಒಂದು ವರ್ಷದ ಮಟ್ಟಿಗೆ ಹೀಗೆ ಘೋಷಿಸಿದ್ದುಂಟು.

ಅಡುಗೆಮನೆಯ ಅಪಾಯ

ಕಾನೂನಿನ ಮಾತು ಒಂದು ಕಡೆ ಇರಲಿ. ನಾಳೆ ಕಾನೂನು ಸಡಿಲವಾಯಿತೆಂದೇ ಇಟ್ಟುಕೊಂಡರೂ ಕಾಡುಹಂದಿಯ ಮಾಂಸ ಮನೆಯ ಪಾತ್ರೆಗೆ ಬರುವ ಮುನ್ನ ಯೋಚಿಸಬೇಕಾದ ಸಂಗತಿಗಳಿವೆ.

ಕಾಡುಹಂದಿ ಸಿಕ್ಕಿದ್ದೆಲ್ಲ ತಿನ್ನುವ ಪ್ರಾಣಿ. ಸತ್ತ ಪ್ರಾಣಿಯನ್ನೂ ಬಿಡುವುದಿಲ್ಲ. ಹೀಗೆ ಅದರ ಮೈಗೆ ಸೇರುವ ಟ್ರೈಕಿನೆಲ್ಲಾ ಎಂಬ ಸಣ್ಣ ಹುಳು ಸ್ನಾಯುಗಳಲ್ಲಿ ಕೋಶ ಕಟ್ಟಿಕೊಂಡು ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಂದ ತಿಳಿಯುವುದಿಲ್ಲ. ಅರೆಬೆಂದ ಮಾಂಸದ ಮೂಲಕ ಮನುಷ್ಯನಿಗೆ ದಾಟಿದರೆ ಮೊದಲು ಹೊಟ್ಟೆನೋವು, ಭೇದಿ. ಅನಂತರ ಜ್ವರ, ಕಣ್ಣಿನ ಸುತ್ತ ಊತ, ಮೈಕೈ ಸ್ನಾಯುಗಳ ನೋವು ಬರುತ್ತವೆ. ಮಾಂಸದ ನಡುಭಾಗದವರೆಗೂ 71 ಡಿಗ್ರಿ ಸೆಂಟಿಗ್ರೇಡ್ ಶಾಖ ತಟ್ಟಿದರೆ ಮಾತ್ರ ಹುಳು ಸಾಯುವುದು ಖಚಿತ. ಉಪ್ಪು ಹಚ್ಚಿ ಒಣಗಿಸುವುದು, ಹೊಗೆಗೆ ಕಟ್ಟುವುದು ಇವನ್ನು ನಂಬುವಂತಿಲ್ಲ. ಕೆಂಡದ ಮೇಲೆ ಸುಟ್ಟ ತುಂಡು ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿಯೇ ಇರಬಹುದು. ಅರೆಬೆಂದ ಈಲಿಯಿಂದ ಕಾಮಾಲೆ ತರುವ ಹೆಪಟೈಟಿಸ್ ಇ ಬರುವ ಭಯವೂ ಇದೆ.

ಕತ್ತರಿಸುವವರಿಗೂ ಅಪಾಯ ತಪ್ಪಿದ್ದಲ್ಲ. ಕೈಯಲ್ಲಿ ಗಾಯವಿದ್ದರೆ ರಕ್ತದ ಮೂಲಕ ಬ್ರುಸೆಲ್ಲಾದಂಥ ರೋಗಾಣುಗಳು ಒಳಹೊಗಬಹುದು. ಸೀಸದ ಗುಂಡು ಮೂಳೆಗೆ ಬಡಿದು ಚೂರಾದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಗಾಯದಿಂದ ದೂರದವರೆಗೂ ಚದುರುತ್ತವೆ. ಮಕ್ಕಳಿಗೆ ಮತ್ತು ಬಸುರಿಯರಿಗೆ ಸೀಸ ಬಹಳ ಕೆಟ್ಟದ್ದು. ವಿಷವಿಟ್ಟು ಕೊಂದ ಪ್ರಾಣಿಯ ಮಾಂಸವಂತೂ ಮಾತನಾಡುವಂತೆಯೇ ಇಲ್ಲ. ಕುದಿಸಿದರೆ ವಿಷ ಹೋಗುತ್ತದೆಂಬ ಭರವಸೆಯಿಲ್ಲ. ಕದ್ದು ಮಾರುವವನು ಹೇಗೆ ಕೊಂದೆನೆಂದು ಹೇಳುವುದಿಲ್ಲ.

ಮುಖ್ಯವಾಗಿ ಹಂದಿ ಸಾಕುವವರು ಗಮನಿಸಬೇಕಾದ ಇನ್ನೊಂದು ವಿಷಯ ಆಫ್ರಿಕನ್ ಹಂದಿ ಜ್ವರ. 2020ರಲ್ಲಿ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡ ಈ ರೋಗ 2022ರಲ್ಲಿ ಕೇರಳದ ವಯನಾಡಿಗೆ ಬಂದಿತು. 2023ರ ಆರಂಭದಲ್ಲಿ ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನಲ್ಲಿ ಕಾಡುಹಂದಿಗಳೇ ಇದರಿಂದ ಸತ್ತವು. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ. ಆದರೆ ಇದರ ವೈರಾಣು ಮಾಂಸದಲ್ಲಿ ಬಹುದಿನ ಉಳಿಯುತ್ತದೆ. ಕಾಡುಹಂದಿ ಕತ್ತರಿಸಿದ ಮನೆಯ ಕಸ, ಮೂಳೆ, ತೊಳೆದ ನೀರು ಸಾಕುಹಂದಿಯ ಬಾನಿಗೆ ಸೇರಿದರೆ ಇಡೀ ಕೊಟ್ಟಿಗೆ ಬರಿದಾಗಬಹುದು. ರೋಗ ಕಂಡ ಜಾಗದ ಸುತ್ತ 1 ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಲ್ಲುವುದು ಸರ್ಕಾರದ ಕ್ರಮ. ಒಬ್ಬನ ಊಟ ನೆರೆಯವನ ಜೀವನಕ್ಕೆ ಕುತ್ತಾಗುವುದೆಂದರೆ ಹೀಗೆ.

ತಿನ್ನಲು ಬಿಡಬೇಕೆ?

ಬಿಡಬೇಕೆನ್ನುವವರ ವಾದದಲ್ಲಿ ಸತ್ಯವಿಲ್ಲದೆ ಇಲ್ಲ. ಅಪ್ಪಣೆ ಪಡೆದು ಕೊಂದ ಪ್ರಾಣಿಯನ್ನು ಹೂಳಲು ಗುಂಡಿ ತೋಡುವ ಕೆಲಸವೂ ರೈತನ ತಲೆಗೇ ಬರುತ್ತದೆ. ಕೋವಿಯವನನ್ನು ಕರೆಸುವ, ರಾತ್ರಿ ಕಾಯುವ ಖರ್ಚು ಬೇರೆ. ಇಷ್ಟು ಮಾಡಿ ಒಳ್ಳೆಯ ಆಹಾರವನ್ನು ಮಣ್ಣಿಗೆ ಹಾಕುವುದು ಯಾರಿಗಾದರೂ ನೋವಿನ ಸಂಗತಿ. ಯೂರೋಪಿನ ದೇಶಗಳಲ್ಲಿ ಬೇಟೆಯ ಹಂದಿಯನ್ನು ರಾಜಾರೋಷವಾಗಿ ತಿನ್ನುತ್ತಾರಲ್ಲ ಎಂದೂ ಕೇಳುತ್ತಾರೆ.

ಅದು ನಿಜ. ಆದರೆ ಅಲ್ಲಿಯ ಪದ್ಧತಿಯನ್ನು ಪೂರ್ತಿಯಾಗಿ ನೋಡಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ ಮಾರಾಟಕ್ಕೆ ಬರುವ ಪ್ರತಿಯೊಂದು ಕಾಡುಹಂದಿಯ ಸ್ನಾಯುವಿನ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಟ್ರೈಕಿನೆಲ್ಲಾ ಇಲ್ಲವೆಂದು ತಿಳಿದ ಮೇಲೆಯೇ ಮಾಂಸ ಹೊರಬರುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಬೇಟೆಯ ಮಾಂಸಕ್ಕೆ ಅಂಥ ಏರ್ಪಾಡು ಇಲ್ಲ. ಪರೀಕ್ಷೆಯ ಏರ್ಪಾಡಿಲ್ಲದೆ ತಿನ್ನುವ ಅಪ್ಪಣೆ ಮಾತ್ರ ತಂದರೆ ಅರ್ಧ ಸೇತುವೆ ಕಟ್ಟಿದಂತಾಗುತ್ತದೆ.

ಎರಡನೆಯದು ಮಾರುಕಟ್ಟೆಯ ಮಾತು. ಮಾಂಸಕ್ಕೆ ಬೆಲೆ ಬಂದೊಡನೆ ಬೆಳೆ ಕಾಯುವ ಉದ್ದೇಶ ಹಿಂದಾಗಿ ಹಣದ ಆಸೆ ಮುಂದಾಗುತ್ತದೆ. ಆಗ ಹಂದಿ ಸಾಯುವುದು ರೈತನ ಗದ್ದೆಯಲ್ಲಲ್ಲ, ಕಾಡಿನ ಒಳಗೆ. ಉರುಳು ಹಾಕಿದರೆ ಹಂದಿಯೇ ಬೀಳುತ್ತದೆಂಬ ನಿಯಮವಿಲ್ಲ. ಚಿರತೆ ಬೀಳುತ್ತದೆ, ಊರ ನಾಯಿ ಬೀಳುತ್ತದೆ. ಸಿಡಿಮದ್ದಿನ ಉಂಡೆಯನ್ನು ಮೇಯುವ ದನ ಕಚ್ಚಿದರೆ ದವಡೆಯೇ ಹಾರಿಹೋಗುತ್ತದೆ. ಮನೆಯ ವಿದ್ಯುತ್ತನ್ನು ಬೇಲಿಗೆ ಹರಿಸಿದವನು ತನ್ನ ನೆರೆಯವನನ್ನೇ ಕಳೆದುಕೊಂಡ ಸುದ್ದಿಗಳು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ.

ಹೀಗಾಗಿ ಇಂದಿನ ಸ್ಥಿತಿಯಲ್ಲಿ ರೈತ ಕೇಳಬೇಕಾದದ್ದು ಹಂದಿಯ ಮಾಂಸವನ್ನಲ್ಲ, ಹಾಳಾದ ಬೆಳೆಯ ಬೆಲೆಯನ್ನು. ಮಾಂಸ ಒಂದು ದಿನದ ಊಟ. ಬೆಳೆ ವರ್ಷದ ಅನ್ನ. ತಿನ್ನುವ ಹಕ್ಕನ್ನು ಕೊಟ್ಟು ಪರಿಹಾರದ ಹೊಣೆಯಿಂದ ಸರ್ಕಾರ ಕೈತೊಳೆದುಕೊಂಡರೆ ನಷ್ಟ ರೈತನಿಗೇ.

ರುಚಿಗೆ ಅಡ್ಡಿಯಿಲ್ಲ

ಹಾಗೆಂದು ಬೇಟೆಯ ಅಡುಗೆಯ ರುಚಿ ಕಳೆದುಹೋಗಬೇಕಾಗಿಲ್ಲ. ಕೊಡಗಿನವರು ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದಾರೆ. ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್ ಮುಹೂರ್ತದಂದು ಆಯುಧಗಳಿಗೆ ಪೂಜೆಯಾಗುತ್ತದೆ. ಒಂದು ಕಾಲಕ್ಕೆ ಅದು ಬೇಟೆ ಹೊರಡುವ ಹಬ್ಬ. ಇಂದು ಗುರಿ ಇಡುವುದು ತೆಂಗಿನಕಾಯಿಗೆ, ಕಡಂಬುಟ್ಟಿನ ಜೊತೆಗೆ ಎಲೆಗೆ ಬರುವ ಪಂದಿ ಕರಿ ಸಾಕುಹಂದಿಯದು. ಹಬ್ಬ ಉಳಿಯಿತು, ರುಚಿಯೂ ಉಳಿಯಿತು.

ಈ ಅಡುಗೆಯ ಗುಟ್ಟು ಪ್ರಾಣಿಯಲ್ಲಿಲ್ಲ, ವಿಧಾನದಲ್ಲಿದೆ. ಕಾಡುಪ್ರಾಣಿಯ ಮಾಂಸದಲ್ಲಿ ಕೊಬ್ಬು ಕಡಿಮೆ, ನಾರು ಹೆಚ್ಚು. ಅದಕ್ಕಾಗಿಯೇ ಹಿರಿಯರು ಸಣ್ಣ ಉರಿಯಲ್ಲಿ ಬಹುಹೊತ್ತು ಬೇಯಿಸಿ, ಹುಳಿ ಮತ್ತು ಕಾಳುಮೆಣಸನ್ನು ಮುಂದುಮಾಡಿದರು. ಸಾಕುಹಂದಿಗೆ ಅದನ್ನೇ ಕೊಂಚ ಬದಲಿಸಿದರೆ ಸಾಕು. 1 ಕಿಲೋ ಮಾಂಸಕ್ಕೆ ಉಪ್ಪು, ಅರಿಶಿನ, ಖಾರದಪುಡಿ ಹಚ್ಚಿ ಅರ್ಧ ಗಂಟೆ ಇಡಿ. ಕಾಲು ಕಿಲೋ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ನಾಲ್ಕು ಹಸಿಮೆಣಸಿನಕಾಯಿ ಜಜ್ಜಿ ಸೇರಿಸಿ. ಮಾಂಸದಲ್ಲೇ ಕೊಬ್ಬಿರುವುದರಿಂದ ಎಣ್ಣೆ ಬೇಡ. ಸ್ವಲ್ಪ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದು ಗಂಟೆಗೆ ಕಡಿಮೆಯಿಲ್ಲದೆ ಬೇಯಿಸಿ. 2 ಚಮಚ ಕೊತ್ತಂಬರಿ, 1 ದೊಡ್ಡ ಚಮಚ ಕಾಳುಮೆಣಸು, 1 ಚಮಚ ಜೀರಿಗೆ, ಚಿಟಿಕೆ ಸಾಸಿವೆ ಮತ್ತು ಮೆಂತ್ಯವನ್ನು ಕಪ್ಪಾಗುವಂತೆ, ಆದರೆ ಸೀಯದಂತೆ, ಹುರಿದು ಪುಡಿಮಾಡಿ ಕೊನೆಗೆ ಹಾಕಿ. ಇಳಿಸುವ ಮುನ್ನ 1 ಅಥವಾ 2 ಚಮಚ ಕಾಚಂಪುಳಿ. ಅದು ಸಿಗದ ಕಡೆ ಹುಣಸೆಹುಳಿ ನಡೆಯುತ್ತದೆ, ರುಚಿ ಮಾತ್ರ ಬೇರೆ.

ಮಾಂಸವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ಹಂದಿಯದೆಂದು ತಿಳಿದು ಕೊಳ್ಳಿ. ಬೀದಿಯಲ್ಲಿ ಬಿಟ್ಟ ಹಂದಿಯಲ್ಲಿ ಲಾಡಿಹುಳುವಿನ ಕೋಶಗಳಿರುವ ಸಂಭವ ಹೆಚ್ಚು. ಮೊಲದ ಸಾರು ಬೇಕೆನ್ನುವವರಿಗೆ ಸಾಕುಮೊಲವಿದೆ. ಕಾಡುಕೋಳಿಯ ನೆನಪಿರುವವರಿಗೆ ನಾಟಿಕೋಳಿಯಿದೆ. ಇವನ್ನು ಸಾಕಿ ಮಾರುವವನೂ ನಮ್ಮ ರೈತನೇ.

ರೈತರು ಮಾಡಬೇಕಾದದ್ದು

ಬೆಳೆಗೆ ಹಾನಿಯಾದ ದಿನವೇ ಗದ್ದೆಯ ಚಿತ್ರಗಳನ್ನು, ಹಂದಿಯ ಹೆಜ್ಜೆಗುರುತು ಕಾಣುವಂತೆ, ತೆಗೆದಿಡಿ. ಸಾಲು ಸರಿಪಡಿಸುವ ಅವಸರ ಬೇಡ. ಪಹಣಿ, ಆಧಾರ್, ಬ್ಯಾಂಕಿನ ಪಾಸ್ ಪುಸ್ತಕದ ಪ್ರತಿಗಳೊಂದಿಗೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿಯಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಕಾಟ ಮಿತಿಮೀರಿದ ಊರಿನಲ್ಲಿ ಒಬ್ಬೊಬ್ಬರೇ ಹೋಗುವ ಬದಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, 11ನೆಯ ಕಲಮಿನಡಿ ಕ್ರಮ ಕೈಗೊಳ್ಳುವಂತೆ ಅರಣ್ಯ ಇಲಾಖೆಯನ್ನು ಬರಹದಲ್ಲಿ ಕೇಳಿ. ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಬೆಳೆ ವಿಮೆಯ ವಿಷಯ ಹೊಸದು. ಕಾಡುಪ್ರಾಣಿಗಳ ಹಾವಳಿಯಿಂದಾಗುವ ನಷ್ಟವನ್ನು 2026ರ ಮುಂಗಾರಿನಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಹಾನಿಯಾದ 72 ಗಂಟೆಗಳೊಳಗೆ ವಿಮೆಯ ಆಪ್ ಮೂಲಕ, ಸ್ಥಳ ದಾಖಲಾಗುವ ಚಿತ್ರಗಳೊಂದಿಗೆ ತಿಳಿಸಬೇಕು. ಆದರೆ ಯಾವ ಪ್ರಾಣಿ, ಯಾವ ಪ್ರದೇಶ ಎಂಬುದನ್ನು ಗುರುತಿಸಬೇಕಾದದ್ದು ರಾಜ್ಯ ಸರ್ಕಾರ. ನಿಮ್ಮ ತಾಲ್ಲೂಕು ಆ ಪಟ್ಟಿಯಲ್ಲಿದೆಯೇ, ಕಾಡುಹಂದಿಯ ಹೆಸರಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಇಲ್ಲದಿದ್ದರೆ ಸೇರಿಸಲು ಒತ್ತಾಯ ತನ್ನಿ. ಅಡಿಕೆ, ಕಾಳುಮೆಣಸು ಹವಾಮಾನ ಆಧಾರಿತ ವಿಮೆಯಡಿ ಬರುವುದರಿಂದ ತೋಟದ ಬೆಳೆಗಾರರು ತಮಗೆ ಈ ರಕ್ಷಣೆ ಸಿಗುವುದೇ ಎಂದು ಬೇರೆಯಾಗಿ ಕೇಳಬೇಕು. ಸಿಗದಿದ್ದರೆ ಅದೂ ಹೋರಾಟದ ವಿಷಯವೇ.

ಜಗುಲಿಯ ಮೇಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬೆಳೆ ತಿಂದ ಹಂದಿಯ ಮೇಲೆ ರೈತನಿಗೆ ಸಿಟ್ಟು ಬರುವುದು ನ್ಯಾಯ. ಆದರೆ ಆ ಹಂದಿಯನ್ನು ಒಲೆಗೆ ಏರಿಸಿದ ಕ್ಷಣದಿಂದ ದೂರು ಕೊಡಬೇಕಾದ ರೈತ ಆಪಾದಿತನಾಗುತ್ತಾನೆ. ಠಾಣೆಯ ಮೆಟ್ಟಿಲನ್ನು ಅರ್ಜಿ ಹಿಡಿದು ಹತ್ತುವುದು ಲೇಸೋ, ಕೈಕೋಳದಲ್ಲಿ ಹತ್ತುವುದು ಲೇಸೋ ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು.